ಮೂರು ಮನೆಯ ಗೇಟು

"ನಮಸ್ಕಾರ, ಮನೆಯಲ್ಲಿ ಯಾರಿದ್ದೀರಿ?"

ಗಂಡು ಧ್ವನಿ ಕೇಳಿ ದೇವಕಿ ಹಾಲಿನ ಒಲೆ ಆರಿಸಿ ಬಾಗಿಲ ತನಕ ಹೋಗಿಯೇಬಿಟ್ಟಳು. ಪಡಸಾಲೆಯಲ್ಲಿ ಅತ್ತೆ ಮೌನಮ್ಮ ಆಗಲೇ ತಲೆಯ ಮೇಲೆ ಸೆರಗೆಳೆದುಕೊಂಡು, "ಬರ್ರಿ, ಒಳಗ ಬರ್ರಿ" ಎಂದಿದ್ದಳು. ಹೊಸ್ತಿಲಾಚೆ ಯಾರೂ ಇರಲಿಲ್ಲ. ಮುದುಕಿಯ ಮಡಿಲಲ್ಲಿದ್ದ ಮೊಬೈಲು ಯಾವುದೋ ಗೋಡೆಬಣ್ಣದ ಗುಣಗಾನ ಮುಗಿಸಿ, ಅರ್ಧಕ್ಕೆ ನಿಂತಿದ್ದ ತತ್ವಪದವನ್ನು ಮುಂದುವರಿಸಿತು.

ಕೊನೆಯವರೆಗೆ ಉಳಿದಿದ್ದ ಸೈದಾಪುರದ ಚಿಕ್ಕಮ್ಮನೂ ನಿನ್ನೆ ಬಸ್ಸು ಹತ್ತಿದ್ದಳು. ಸೂತಕ ಕಳೆದಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಹಾಡು ಹಚ್ಚಿರಲಿಲ್ಲ. ಹಾಲಿನವನು ಎಂದಿನಷ್ಟೇ ಹಾಲು ಹಾಕಿ ಹೋಗಿದ್ದ. ಕಡಿಮೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ದೇವಕಿಯ ಗಂಡ ಮರಿಲಿಂಗ ಇದ್ದಾಗ ಈ ಮನೆಗೆ ಜಾಹೀರಾತು ಬರುತ್ತಿರಲಿಲ್ಲ. ಅವನು ಕಾಲುವೆ ಕಚೇರಿಯ ನೌಕರ. ಪೊರೆ ಬಂದ ಕಣ್ಣಿನ ತಾಯಿ ಜಾಹೀರಾತಿನವರಿಗೆಲ್ಲ ಚಾಪೆ ಹಾಸುವುದನ್ನು ನೋಡಲಾರದೆ, ಎದುರುಮನೆಯ ಜಹೀರುನ್ನೀಸಾಳ ಹಳೆಯ ಕಂಪ್ಯೂಟರನ್ನು ನಾಲ್ಕು ದಿನಕ್ಕೆಂದು ಇಸಿದುಕೊಂಡು ಬಂದು ಫೈರ್‌ವಾಲ್ ಮಾಡಿದ್ದ. ಓಣಿಯ ಮೂರು ಮನೆಗೂ ಒಂದೇ ಇಂಟರ್ನೆಟ್ಟು. ಅದೆಲ್ಲ ಆ ಕಂಪ್ಯೂಟರಿನ ಡಬ್ಬಿ ದಾಟಿಯೇ ಬರಬೇಕಿತ್ತು. ಜಾಹೀರಾತು ಕಳಿಸುವ ವಿಳಾಸಗಳನ್ನು ಡಬ್ಬಿ ಅಲ್ಲೇ ತಡೆಯುತ್ತಿತ್ತು. "ಕಾಲುವಿ ಗೇಟು ಇದ್ದಂಗವ್ವ. ಬೇಕಾದ್ದು ಬಿಡ್ತದ, ಬ್ಯಾಡಾದ್ದು ಬಂದ್" ಎಂದು ತಾಯಿಗೆ ಹೇಳಿದ್ದ. ಮೂರನೆಯ ಮನೆಯ ಭಾಗಣ್ಣ ಮಾತ್ರ, ನಡುವೆ ಜಾಹೀರಾತೇ ಇಲ್ಲದಿದ್ದರೆ ನಾಟಕ ನೋಡುವವನು ಬಚ್ಚಲಿಗೆ ಏಳುವುದು ಯಾವಾಗ ಎಂದು ತಗಾದೆ ತೆಗೆದಿದ್ದ.

ದೇವಕಿ ಮೂಲೆಗೆ ಹೋಗಿ ನೋಡಿದಳು. ಯಾರೋ ನೆಂಟರು ಡಬ್ಬಿಯ ಪ್ಲಗ್ಗು ಕಿತ್ತು, ಮರಿಲಿಂಗನ ಫೋಟೋದ ಮುಂದಿನ ಬಲ್ಬಿಗೆ ಜಾಗ ಮಾಡಿದ್ದರು. ಇಂಟರ್ನೆಟ್ಟು ನಿಂತಿತೆಂದು ಭಾಗಣ್ಣ ಬಂದು ವೈರನ್ನು ಡಬ್ಬಿ ತಪ್ಪಿಸಿ ನೇರವಾಗಿ ಸಿಕ್ಕಿಸಿ ಹೋಗಿದ್ದ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದಿದವಳಿಗೆ ಅದನ್ನು ಸರಿಮಾಡುವುದು ಕಷ್ಟವಾಗಲಿಲ್ಲ. ಡಬ್ಬಿಯ ಫ್ಯಾನು ಗೊರಗೊರ ತಿರುಗಿತು. ಮರಿಲಿಂಗ ಮಾಡಿಟ್ಟದ್ದರಲ್ಲಿ ಇನ್ನೂ ನಡೆಯುತ್ತಿದ್ದದ್ದು ಅದೊಂದೇ. ಅವಳು ಅದರ ಪಕ್ಕದಲ್ಲೇ ಕುಳಿತಳು. ಒಂದು ಹಾಡು ಮುಗಿಯಿತು, ತಡೆಯಿಲ್ಲದೆ ಇನ್ನೊಂದು ಶುರುವಾಯಿತು.

ಫ್ಯಾನಿನ ಸದ್ದು ಮೌನಮ್ಮನಿಗೂ ಕೇಳಿತ್ತು. ಹಾಡು ನಿಲ್ಲಿಸಿ ಜಹೀರುನ್ನೀಸಾಳ ಮಗಳ ಸುದ್ದಿ ತೆಗೆದಳು. ಹುಡುಗಿ ನೌಕರಿಗಾಗಿ ಟೈಪಿಂಗ್ ಪರೀಕ್ಷೆಗೆ ಕೂಡುವವಳಿದ್ದಾಳೆ, ಕೈ ಪಳಗಿಸಲು ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗುತ್ತಾಳೆ, ಪಾಳಿ ಸಿಗದೆ ತಿರುಗಿ ಬರುತ್ತಾಳೆ. ಜಹೀರುನ್ನೀಸಾ ಸೂತಕದುದ್ದಕ್ಕೂ ರೊಟ್ಟಿ ಬಡಿದು ಕಳಿಸಿದಳೇ ಹೊರತು ಕಂಪ್ಯೂಟರಿನ ಮಾತೆತ್ತಲಿಲ್ಲ.

"ಸೂತಕದಾಗ ಸಾಮಾನು ಹೊರಗ ಹೋಗಬಾರದಂತ ನಾನೂ ಸುಮ್ಮನಿದ್ದೆ. ಇವತ್ತ ಕೊಟ್ಟು ಬಾರವ್ವ."

"ಮತ್ತ ಜಾಹೀರಾತು ಬರ್ತಾವ್ರಿ ಅತ್ತಿ."

"ಬರ್ಲಿ ಬಿಡು. ಯಾರರೆ ಮನಿಗಿ ಬಂದಂಗ ಆಗ್ತದ."

ದೇವಕಿ ಎದ್ದಳು. ವೈರನ್ನು ಮತ್ತೆ ನೇರವಾಗಿ ಸಿಕ್ಕಿಸಿದಳು. ಡಬ್ಬಿಯನ್ನು ಟಿವಿಗೆ ಹಚ್ಚಿ, ಹುಡುಗಿಯ ಟೈಪಿಂಗಿಗೆ ಬೇಕಾದದ್ದನ್ನು ಪೆನ್‌ಡ್ರೈವಿನಿಂದ ಹಾಕಲು ಹೊರಟಳು. ಹಳೆಯದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಒಲೆಯ ಮೇಲಿನ ಹಾಲು ಆರಿ ಕೆನೆಗಟ್ಟುವವರೆಗೂ ಅವಳು ಉತ್ತರ ಕೊಡಲಿಲ್ಲ. ಆಮೇಲೆ ಗುಂಡಿ ಒತ್ತಿದಳು.

ಮಧ್ಯಾಹ್ನ ಡಬ್ಬಿಯ ಧೂಳೊರೆಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಓಣಿ ದಾಟಿದಳು. ಹಿಟ್ಟಿನ ಕೈಯಲ್ಲೇ ಬಂದ ಜಹೀರುನ್ನೀಸಾ, ಅಂಥ ಅವಸರ ಏನಿತ್ತು ಎಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಡಬ್ಬಿಯ ಒಂದು ತುದಿ ಹಿಡಿದಳು.

"ಒಳಗಿಂದೆಲ್ಲ ಅಳಿಸೀನ್ರಿ, ಆಪಾ. ಹುಡುಗಿಗಿ ತ್ರಾಸ ಆಗಂಗಿಲ್ಲ."

ಜಹೀರುನ್ನೀಸಾ ಅವಳ ಮುಖ ನೋಡಿದಳು. ಅಷ್ಟರಲ್ಲಿ ದೇವಕಿಯ ಮನೆಯಲ್ಲಿ ಹಾಡು ತಟ್ಟನೆ ನಿಂತಿತು. ಗಂಡು ಧ್ವನಿಯೊಂದು ಏನೋ ಕೇಳಿತು. ಅದರ ಹಿಂದೆಯೇ ಮೌನಮ್ಮನ ದನಿ ಓಣಿಯವರೆಗೂ ಬಂತು: "ಬರ್ರಿ, ಕೂಡ್ರಿ."

"ಮನಿಗಿ ಯಾರೋ ಬಂದಾರ ನೋಡು," ಎಂದಳು ಜಹೀರುನ್ನೀಸಾ.

"ಹೂಂ ರೀ," ಎಂದು ದೇವಕಿ ಡಬ್ಬಿಯ ಇನ್ನೊಂದು ತುದಿಯಿಂದ ಕೈ ತೆಗೆದಳು.