ಓ ನೆಗೆಟಿವ್ ಬಂದೋಬಸ್ತು

ಹೆಡ್ ಕಾನ್‌ಸ್ಟೆಬಲ್ ಫಕೀರಪ್ಪನ ಪಾಲಿಗೆ ಇಷ್ಟು ವರ್ಷದ ಸರ್ವಿಸಿನಲ್ಲಿ ಎಂತೆಂಥದೋ ಕಾವಲು ಬಿದ್ದಿತ್ತು. ಮತಪೆಟ್ಟಿಗೆ ಕಾದಿದ್ದ, ಪ್ರಶ್ನೆಪತ್ರಿಕೆ ಕಾದಿದ್ದ. ಒಮ್ಮೆ ಇಬ್ಬರು ನಮ್ಮದು ನಮ್ಮದು ಎಂದು ಜಗಳ ತೆಗೆದಿದ್ದ ಎಮ್ಮೆಯನ್ನು ಠಾಣೆಯ ಹಿಂದೆ ಕಟ್ಟಿಕೊಂಡು ಅದನ್ನೂ ಕಾದಿದ್ದ. ಮನುಷ್ಯನೊಬ್ಬನ ಮೈಯೊಳಗಿನ ರಕ್ತವನ್ನು ಕಾಯುವ ಡ್ಯೂಟಿ ಮಾತ್ರ ಇದೇ ಮೊದಲು.

ಅವತ್ತು ದೆಹಲಿಯ ಹಿರಿಯ ಮಂತ್ರಿಗಳು ಅವಳಿ ನಗರಕ್ಕೆ ಬಂದಿದ್ದರು. ದೇಶಕ್ಕೆಲ್ಲ ಗೊತ್ತಿರುವ ಮುಖ. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ವಿಮಾನ ಇಳಿಯುವುದು, ಧಾರವಾಡಕ್ಕೆ ಹೋಗಿ ಆರೋಗ್ಯ ಯೋಜನೆಗಳ ಬಗ್ಗೆ ಜನರೊಂದಿಗೆ ಮಾತುಕತೆ, ಊಟ, ಮರಳಿ ಹುಬ್ಬಳ್ಳಿಯಲ್ಲಿ ಒಂದು ಸಭೆ, ಮೂರು ಗಂಟೆಗೆ ವಾಪಸು ವಿಮಾನ. ಇಂಥವರು ಬಂದರೆಂದರೆ ಅವರ ಹಿಂದೆ ಅಂಬ್ಯುಲೆನ್ಸ್ ಓಡಬೇಕು, ಹತ್ತಿರದ ಆಸ್ಪತ್ರೆಯಲ್ಲಿ ಕೋಣೆ ಖಾಲಿ ಇರಬೇಕು, ಅವರ ಗುಂಪಿನ ರಕ್ತ ತಯಾರಿರಬೇಕು. ಮಂತ್ರಿಗಳದು ಓ ನೆಗೆಟಿವ್. ಅದು ಸಿಗುವುದು ಕಡಿಮೆ, ಆ ಗುಂಪಿನವರಿಗೆ ಬೇರೆ ಗುಂಪಿನದು ನಡೆಯುವುದೂ ಇಲ್ಲ. ವಿದ್ಯಾನಗರದ ಆ ಆಸ್ಪತ್ರೆಯಲ್ಲಿ ಇದ್ದ ಎರಡು ಚೀಲ ರಕ್ತ ಬೆಳಿಗ್ಗೆಯೇ ಮಂತ್ರಿಗಳ ಅಂಬ್ಯುಲೆನ್ಸ್ ಏರಿ ಹೋಗಿದ್ದವು. ಅವೂ ಸಾಲದಿದ್ದರೆ ಎಂದು ಅದೇ ಗುಂಪಿನ ಒಬ್ಬ ಮನುಷ್ಯನನ್ನು ಕರೆಸಿ, ರಕ್ತದ ಎಲ್ಲ ತಪಾಸಣೆ ಮುಗಿಸಿ, ಮೊದಲ ಮಹಡಿಯ ಕೋಣೆಯಲ್ಲಿ ಕೂರಿಸಿದ್ದರು. ಅವನು ಕಲ್ಲೇಶ. ಎಪಿಎಂಸಿಯ ಮೆಣಸಿನಕಾಯಿ ಅಂಗಡಿಯಲ್ಲಿ ಕೆಲಸ. ಮೂವತ್ತರ ಆಸುಪಾಸು. ಬಾಯಿ ಮುಚ್ಚಿ ಕೂತು ಗೊತ್ತಿಲ್ಲದ ಆಸಾಮಿ.

ಇನ್‌ಸ್ಪೆಕ್ಟರ್ ಬಸವಪ್ರಭು ಫಕೀರಪ್ಪನಿಗೆ ಹೇಳಿದ್ದು ಇಷ್ಟೇ: “ಅಂವ ನಿಮ್ಮ ಕಣ್ಣ ಮುಂದಿಂದ ಅಲ್ಲಾಡಬಾರ್ದು. ದವಾಖಾನಿ ದಾಟಬಾರ್ದು. ವಿಮಾನ ಮ್ಯಾಲೆ ಏಳೂ ತನಕ ಅಂವ ಹೆಂಗ ಬಂದಾನ ಹಂಗ ಇರಬೇಕು. ತಿಳೀತಿಲ್ಲೋ?”

ತಿಳಿದಿತ್ತು. ಎರಡು ದಿನದಿಂದ ಬೆಂಗಾವಲಿನ ತಾಲೀಮಿನಲ್ಲಿ ಬಿಸಿಲಲ್ಲಿ ನಿಂತು ಮೊಣಕಾಲು ಬಿಗಿದಿದ್ದವು. ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿದ್ದೇ ಫಕೀರಪ್ಪನಿಗೆ ಹಬ್ಬವಾಗಿತ್ತು.

“ಕಾಕಾ, ಒಂದು ಮಾತು,” ಎಂದ ಕಲ್ಲೇಶ, ಮಂಚದ ಮೇಲೆ ಕಾಲು ಮಡಚಿ ಕೂತು. “ನನ್ನ ಸೊಳ್ಳಿ ಕಡೀತು ಅಂದ್ರ ಈಗ ಅದು ಸರಕಾರಿ ಮಾಲು ಕದ್ದಂಗ ಅಲ್ಲೇನ್ರಿ?”

“ಸೊಳ್ಳಿ ಹೆಸರ ಹೇಳು, ಕೇಸ್ ಹಾಕ್ತೇನಿ. ಸುಮ್ನ ಕುಂಡ್ರಲೇ.”

“ಬೆಳಿಗ್ಗಿಂದ ಉಪ್ಪಿಟ್ಟು ಕೊಟ್ರು, ಬಾಳಿಹಣ್ಣು ಕೊಟ್ರು, ಎಳನೀರು ಕೊಟ್ರು. ನನ್ನ ಮದುವ್ಯಾಗೂ ಇಷ್ಟು ಮರ್ಯಾದಿ ಇರಲಿಲ್ಲ.”

“ಅದು ನಿನಗ ಅಲ್ಲ. ಒಳಗಿನ ಸಾಮಾನಿಗೆ.”

ಕಲ್ಲೇಶ ಬಿದ್ದು ಬಿದ್ದು ನಕ್ಕ. ಗೋಡೆಯ ಟೀವಿಯಲ್ಲಿ ಮಂತ್ರಿಗಳ ಕಾರ್ಯಕ್ರಮ ನೇರಪ್ರಸಾರವಾಗುತ್ತಿತ್ತು. ತಾಸಿಗೊಮ್ಮೆ ಕಂಟ್ರೋಲ್ ರೂಮಿನಿಂದ ಫೋನು ಬರುತ್ತಿತ್ತು. “ಅದಾನೇನ್ರಿ?” “ಅದಾನ್ರಿ ಸರ್.” ಅಷ್ಟೇ ಮಾತು.

ಮಧ್ಯಾಹ್ನ ಮಗಳು ಶಾಂಭವಿಯ ಫೋನು ಬಂತು. ಧಾರವಾಡದ ಕಾಲೇಜಿನಿಂದ ಬರುತ್ತಿದ್ದವಳು. “ಅಪ್ಪಾ, ನವನಗರ ಇನ್ನೂ ದೂರ ಇದ್ದಂಗs ನಮ್ಮ ಬಸ್ ನಿಲ್ಲಿಸ್ಯಾರ. ನಿಮ್ಮ ಮಂತ್ರಿ ಅಲ್ಲಿ ಹಾದ್ಯಾಗ ಕಾರಿಂದ ಇಳದು ಕಾಯಿಪಲ್ಲೆ ಮಾರೋರ ಹತ್ರ ಕುಂತಾರಂತ. ಒಬ್ಬೊಬ್ಬರಿಗೂ ಕೇಳಾಕತ್ತಾರ, ಆರೋಗ್ಯ ಕಾರ್ಡ್ ಮಾಡಿಸೀರೇನು, ದವಾಖಾನ್ಯಾಗ ನಿಮಗ ರೊಕ್ಕ ಕೇಳಿದ್ರೇನು ಅಂತ. ಏಳೂ ಲಕ್ಷಣಾನ ಇಲ್ಲ.”

“ಅವ್ರಿಗೆ ಅದs ಕೆಲಸ ಅಲ್ಲೇನವಾ. ನೆರಳಿಗೆ ನಿಂದ್ರು.”

“ನಿಮಗ ಊಟ?”

“ಆತು,” ಎಂದ. ಆಗಿರಲಿಲ್ಲ. ಊಟ ಕಲ್ಲೇಶನಿಗೆ ಮಾತ್ರ ಬಂದಿತ್ತು.

ಫೋನು ಕಿಸೆಗೆ ಹಾಕುವಷ್ಟರಲ್ಲಿ ಡಾಕ್ಟರ್ ದಾಕ್ಷಾಯಿಣಿ ಒಳಗೆ ಬಂದರು. ರಕ್ತನಿಧಿಯ ಹೊಣೆ ಅವರದು. ಹಿಂದಿನ ಸಂಜೆಯಿಂದ ಮನೆಗೆ ಹೋಗದ ಮುಖ. ಬಾಗಿಲು ಹಾಕಿ, ನಿಂತೇ ಮಾತಾಡಿದರು.

“ಕೆಳಗ ಹೆರಿಗಿ ವಾರ್ಡಿನಾಗ ಜಯಾ ಅಂತ ಒಬ್ಬಾಕಿ ಅದಾಳ್ರಿ. ಕುಂದಗೋಳ ಕಡೆಯಾಕಿ. ಹಡದಾಳ, ಆದ್ರ ರಕ್ತ ನಿಲ್ಲವಲ್ದು. ಓ ನೆಗೆಟಿವ್. ನನ್ನ ಹತ್ರ ಒಂದು ಹನಿ ಇಲ್ಲ. ಧಾರವಾಡದಾಗ ಒಂದು ಚೀಲ ಸಿಕ್ಕೇತಿ, ತರೋ ಗಾಡಿ ನವನಗರದಾಗ ಬ್ಯಾರಿಕೇಡಿನ ಹಿಂದ ನಿಂತೈತಿ. ಮಂತ್ರಿಗಳು ಎದ್ದು ಹೋಗೂ ತನಕ ಬಿಡಂಗಿಲ್ಲಂತ.”

ಕಲ್ಲೇಶ ಕಾಲು ಕೆಳಗಿಳಿಸಿದ. ಫಕೀರಪ್ಪ ಎದ್ದು ನಿಂತ.

“ಕಂಟ್ರೋಲ್ ರೂಮಿಗೆ ಕೇಳಿದ್ರೇನ್ರಿ ಮೇಡಂ?”

“ಕೇಳಿದೆ. ವಿಮಾನ ಹೋಗಲಿ, ಆಮ್ಯಾಲೆ ಈ ಮನಷ್ಯಾನ ರಕ್ತ ಬೇಕಾದ್ರ ತಗೋರಿ ಅಂದ್ರು. ವಿಮಾನ ಯಾವಾಗ ಅಂದ್ರ, ಗೊತ್ತಿಲ್ಲ, ಲೇಟ್ ಆಗ್ತೈತಿ ಅಂದ್ರು. ಅಷ್ಟೊತ್ತು ಆಕಿ ತಡಕೊಳ್ಳೂದಿಲ್ಲ. ಇವನ ಟೆಸ್ಟೆಲ್ಲ ಬೆಳಿಗ್ಗೆ ಆಗ್ಯಾವ. ತಗೊಂಡ್ರ ಲಗೂನ ಏರಿಸಬಹುದು.” ಬಾಗಿಲ ಹಿಡಿಕೆಗೆ ಕೈಯಿಟ್ಟು, “ತಗೋತೇನಿ ಅಂತ ನಾ ಹೇಳಾಕ ಬರೂದಿಲ್ಲ. ಹಿಂಗ ಒಬ್ಬಾಕಿ ಅದಾಳ ಅಂತಷ್ಟ ಹೇಳಿ ಹೋಗಾಕ ಬಂದೆ” ಎಂದರು. ಆದರೆ ಹೋಗಲಿಲ್ಲ.

ಫಕೀರಪ್ಪ ಇನ್‌ಸ್ಪೆಕ್ಟರಿಗೆ ಫೋನು ಹಚ್ಚಿದ. ಹತ್ತಲಿಲ್ಲ. ಮತ್ತೊಮ್ಮೆ ಹಚ್ಚಿದ. ಮಂತ್ರಿಗಳ ಸುತ್ತಮುತ್ತ ಇದ್ದವರ ಯಾರ ಫೋನೂ ಹತ್ತುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದದ್ದೇ, ಅಲ್ಲಿ ಸಿಗ್ನಲ್ ತಡೆಯುವ ಯಂತ್ರ ಇರುತ್ತದೆ.

“ಕಾಕಾ,” ಎಂದ ಕಲ್ಲೇಶ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. “ನಾ ಕೊಡ್ತೇನಿ ಅಂದ್ರ ನೀವು ನನ್ನ ಹಿಡ್ಕೋತೀರೇನು?”

“ನಿನಗ ಏನೂ ಆಗೂದಿಲ್ಲಲೇ. ಆಗೂದು ನನಗ,” ಎಂದು ಫಕೀರಪ್ಪ ಬಾಗಿಲು ತೆಗೆದು ಹೊರಗೆ ಬಂದ. ಸಸ್ಪೆಂಡ್ ಎಂಬ ಶಬ್ದ ತಲೆಯಲ್ಲಿ ಒಮ್ಮೆ ಸುತ್ತಿತು. ಅದರ ಬೆನ್ನಿಗೆ ಶಾಂಭವಿಯ ಕಾಲೇಜು, ಮನೆಯ ಖರ್ಚು, ಎಲ್ಲವೂ ಸಾಲಾಗಿ ಬಂದು ನಿಂತವು. ಅವನ ಕಾಲು ತಾವಾಗಿ ಮೆಟ್ಟಿಲಿಳಿದು ಹೆರಿಗೆ ವಾರ್ಡಿನ ಕಡೆ ನಡೆದವು.

ವಾರ್ಡಿನ ಮುಂದಿನ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹಣೆತುಂಬ ವಿಭೂತಿ, ತೊಡೆಯ ಮೇಲೆ ಬುತ್ತಿಯ ಗಂಟು. ಎದುರಿಗಿದ್ದ ಟೀವಿಯಲ್ಲಿ ಮಂತ್ರಿಗಳು ಒಬ್ಬ ಕಾಯಿಪಲ್ಲೆಯವಳ ಮೊಮ್ಮಗುವನ್ನು ಎತ್ತಿಕೊಂಡು ಮಾತಾಡುತ್ತಿದ್ದರು. ಪೊಲೀಸನನ್ನು ಕಂಡರೂ ಮುದುಕಿ ಗಾಬರಿಯಾಗಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿದಳು.

“ಕುಂಡ್ರಪಾ. ಕಾಲ ನೋಯ್ತಾವಂತ ನಡಿಗ್ಯಾಗ ಗೊತ್ತಾಗ್ತೈತಿ.”

ಫಕೀರಪ್ಪ ಕೂತ. “ಯಾರ ಪೈಕಿಯವ್ವಾ?”

“ಜಯಾನ ಅತ್ತಿ. ರೇಣವ್ವ ಅಂತ.” ಟೀವಿಯ ಕಡೆ ಗದ್ದ ಎತ್ತಿ ತೋರಿಸಿದಳು. “ನೋಡು, ಇವ್ರ ಮಾತ ಕೇಳಿ ಬಂದೇವಿ ನಾವು. ನಾ ನನ್ನ ಮಕ್ಕಳ್ನೆಲ್ಲ ಮನ್ಯಾಗ ಹಡದಾಕಿ. ಇವ್ರು ಟೀವ್ಯಾಗ ಕೈಮುಗದು ಹೇಳಿದ್ರು, ಯಾರೂ ಮನ್ಯಾಗ ಹಡೀಬ್ಯಾಡ್ರಿ ಅಂತ. ಅಷ್ಟು ದೊಡ್ಡ ಮನಷ್ಯಾ ಕೈ ಮುಗೀತಾನಂದ್ರ ಏನರ ಇರಬೇಕು ಅಂತ ಕರಕೊಂಡು ಬಂದೆ. ಛಲೋ ಆತು. ಮನ್ಯಾಗ ಇದ್ದಿದ್ರ ಇಷ್ಟೊತ್ತಿಗೆ ನನ್ನ ಸೊಸಿ ಹೋಗಿಬಿಡ್ತಿದ್ಲು.”

“ಈಗ ಹೆಂಗ ಅದಾಳಂತ?”

“ರಕ್ತ ಬೇಕಂತ. ಮಗ ಕೊಡ್ತೇನಂದ, ಅವಂದು ಕೂಡೂದಿಲ್ಲಂತ. ಡಾಕ್ಟರವ್ವ ತರಾಕ ಹೋಗ್ಯಾಳ.” ರೇಣವ್ವ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. “ಇಷ್ಟು ದೊಡ್ಡ ದವಾಖಾನಿ. ರಕ್ತ ಇಲ್ದ ಇರ್ತೈತೇನು?”

ಫಕೀರಪ್ಪನಿಗೆ ಆಮೇಲೆ ಬೆಂಚಿನ ಮೇಲೆ ಕೂರಲಾಗಲಿಲ್ಲ. ಆಕೆ ಅತ್ತಿದ್ದರೆ, ಕಾಲು ಹಿಡಿದಿದ್ದರೆ, ಆರ್ಡರು ಐತಿ ಏನ್ ಮಾಡ್ಲಿ ಎಂದು ಹೇಳುವುದು ಅವನಿಗೆ ರೂಢಿಯಿತ್ತು. ಹೀಗೆ ನಂಬಿ ಕೂತವರಿಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಮೇಲೆ ಬಂದು ಬಾಗಿಲು ತಳ್ಳಿದ. ಡಾಕ್ಟರು ಇನ್ನೂ ಅಲ್ಲೇ ಇದ್ದರು. ಕಲ್ಲೇಶ ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದ.

“ತಗೋರಿ ಮೇಡಂ,” ಎಂದ ಫಕೀರಪ್ಪ. “ನಾ ಮಗ್ಗಲಾಗ ನಿಂದರ್ತೇನಿ. ಕಣ್ಣ ಮುಂದಿಂದ ಅಲ್ಲಾಡಬಾರದು ಅಂತ ಹುಕುಂ ಐತಿ. ಅದನ್ನರ ಪಾಲಸ್ತೇನಿ.”

“ಮ್ಯಾಲಿನವ್ರು ಕೇಳಿದ್ರ?”

“ಕೇಳಿದಾಗ ನೋಡೂಣು. ಈಗ ನೀವು ನಡೀರಿ.”

ರಕ್ತನಿಧಿಯ ಕೋಣೆ ತಣ್ಣಗಿತ್ತು. ಕಲ್ಲೇಶ ಮಲಗಿ ರಬ್ಬರಿನ ಚೆಂಡು ಹಿಚುಕುತ್ತ, ತೂಗುತ್ತಿದ್ದ ಚೀಲ ನಿಧಾನ ತುಂಬುವುದನ್ನು ನೋಡುತ್ತಿದ್ದ. ಪಕ್ಕದಲ್ಲಿ ಟೋಪಿ ಕಂಕುಳಲ್ಲಿಟ್ಟುಕೊಂಡು ಫಕೀರಪ್ಪ. ಚೀಲ ತುಂಬಿತು. ಡಾಕ್ಟರು ಅದನ್ನು ಎದೆಗವಚಿಕೊಂಡು, ಚಪ್ಪಲಿ ಸಪ್ಪಳ ಮಾಡುತ್ತ ಹೆಚ್ಚುಕಡಿಮೆ ಓಡಿಯೇ ಹೋದರು.

ನಿಜವಾದ ಫಜೀತಿ ಆಮೇಲೆ ಶುರುವಾಯಿತು. ಮತ್ತೆ ಅದೇ ಕೋಣೆ, ಅದೇ ಟೀವಿ. ಮಂತ್ರಿಗಳು ನವನಗರದಿಂದ ಕೊನೆಗೂ ಎದ್ದು ಹುಬ್ಬಳ್ಳಿಯ ಸಭೆಗೆ ಬಂದಿದ್ದರು. ಇಷ್ಟೊತ್ತು ಸುಮ್ಮನೆ ನೋಡುತ್ತಿದ್ದ ಕಾರ್ಯಕ್ರಮವನ್ನು ಇಬ್ಬರೂ ಈಗ ಕುರ್ಚಿಯ ತುದಿಗೆ ಕೂತು ನೋಡತೊಡಗಿದರು.

“ಕಾಕಾ, ಸ್ಟೇಜಿನ ಮೆಟ್ಟಲ ಹತ್ತಾಕತ್ತಾರ.”

“ಹತ್ತಲಿ.”

“ಧೋತರ ಉದ್ದ ಐತ್ರಿ. ಎಡವಿದ್ರ?”

“ಬಾಯಾಗ ಒಳ್ಳೇದು ಬರೂದಿಲ್ಲೇನ್ಲೇ ನಿನಗ?”

ಮಂತ್ರಿಗಳು ಎಡವಲಿಲ್ಲ. ಭಾಷಣ ಮುಗಿಸಿ ಇಳಿದವರು ನೇರ ಕಾರಿಗೆ ಹೋಗುವ ಬದಲು ಪೊಲೀಸರ ಹಗ್ಗ ದಾಟಿ ಜನರ ನಡುವೆ ನುಗ್ಗಿದರು. ಯಾರೋ ಒಂದು ತಟ್ಟೆ ಮಿರ್ಚಿ ಭಜಿ ಮುಂದೆ ಹಿಡಿದರು. ಮಂತ್ರಿಗಳು ನಗುತ್ತ ಒಂದನ್ನು ಎತ್ತಿಕೊಂಡರು.

“ಬ್ಯಾಡ್ರಿ ಸಾಹೇಬ್ರ!” ಕಲ್ಲೇಶ ಟೀವಿಗೇ ಕೂಗಿದ. “ಅದು ಭಜಿ ಮೆಣಸಿನಕಾಯಿ ಅಲ್ಲ, ಖಾರದ್ದು. ನಾ ತೊಟ್ಟು ನೋಡೇ ಹೇಳ್ತೇನಿ. ನೆತ್ತಿಗೆ ಏರ್ತೈತಿ!”

“ಮಿರ್ಚಿ ತಿಂದ್ರ ಯಾರಿಗೂ ರಕ್ತ ಏರಸೂದಿಲ್ಲ, ಸುಮ್ನಿರು,” ಎಂದ ಫಕೀರಪ್ಪ. ಆದರೆ ಮಂತ್ರಿಗಳು ಅದನ್ನು ಅಗಿದು ನುಂಗಿ ನೀರು ಕುಡಿಯುವವರೆಗೂ ಅವನೂ ಉಸಿರು ಬಿಡಲಿಲ್ಲ. ಅವತ್ತು ಹುಬ್ಬಳ್ಳಿಯಲ್ಲಿ ಹಾರ ಹಿಡಿದು ನಿಂತವರು ಸಾವಿರಾರು ಮಂದಿ. ಆ ಹಿರಿಯ ಜೀವ ಸುಖವಾಗಿರಲಿ ಎಂದು ಈ ಕೋಣೆಯ ಇಬ್ಬರಷ್ಟು ಮನಸ್ಸಿಟ್ಟು ಬೇಡಿಕೊಂಡವರು ಅವರಲ್ಲಿ ಯಾರೂ ಇದ್ದಿರಲಾರರು.

ನಡುವೆ ಕಂಟ್ರೋಲ್ ರೂಮಿನ ಫೋನು ಬಂತು. “ಅದಾನೇನ್ರಿ?” “ಅದಾನ್ರಿ ಸರ್.” ಮಾತು ಸುಳ್ಳಾಗಿರಲಿಲ್ಲ. ಆದರೂ ಫಕೀರಪ್ಪನಿಗೆ ನಾಲಿಗೆಯ ಮೇಲೆ ಏನೋ ಉಳಿದಂತಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ದಾಕ್ಷಾಯಿಣಿ ಬಂದರು. ಈ ಸಲ ಕೂತರು. “ತಡಕೊಂಡಾಳ್ರಿ. ರಕ್ತ ನಿಂತೈತಿ. ಧಾರವಾಡದ ಚೀಲಾನೂ ಈಗ ಬಂತು, ಏರಸಾಕತ್ತೇವಿ. ಇನ್ನ ಚಿಂತಿ ಇಲ್ಲ.” ಕಲ್ಲೇಶನನ್ನು ನೋಡಿ, “ಉಣ್ಣೋ ತಮ್ಮಾ, ಹೊಟ್ಟಿತುಂಬ ಉಣ್ಣು” ಎಂದರು. ಫಕೀರಪ್ಪನನ್ನೂ ಒಂದು ಸಲ ನೋಡಿದರು. “ನಿಮಗೂ ಒಂದು ತಾಟು ಕಳಸ್ತೇನಿ” ಎಂದು ಎದ್ದರು.

ಟೀವಿಯಲ್ಲಿ ಮಂತ್ರಿಗಳು ವಿಮಾನದ ಮೆಟ್ಟಿಲ ಮೇಲೆ ನಿಂತು ಕೈಬೀಸಿದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಇನ್‌ಸ್ಪೆಕ್ಟರ್ ಬಸವಪ್ರಭುವಿನ ಫೋನು.

“ಫಕೀರಪ್ಪ, ಮುಗೀತಪಾ. ವಿಮಾನ ಹೋತು. ಕಾಲು ಅಂಬೂವು ಉಳದಿಲ್ಲ ನೋಡ್ರಿ ನನಗ. ಅವನ್ನ ಬಿಟ್ಟು ಮನಿಗೆ ಹೋಗ್ರಿ. ರಿಪೋರ್ಟಿನ್ಯಾಗ ಡೋನರ್ ಉಪಯೋಗ ಆಗಲಿಲ್ಲ ಅಂತ ಬರಸ್ತೇನಿ.”

ಹೂಂ ಎಂದರೆ ಮುಗಿಯುತ್ತಿತ್ತು. ಕಲ್ಲೇಶ ಎದುರಿಗೆ ಕೂತು, ಹೂಂ ಅನ್ರಿ, ಹೂಂ ಅನ್ರಿ ಎಂದು ಕತ್ತು ಆಡಿಸುತ್ತಿದ್ದ.

“ಉಪಯೋಗ ಆತ್ರಿ ಸರ್,” ಎಂದ ಫಕೀರಪ್ಪ.

“ಅಂದ್ರ?”

ಇದ್ದದ್ದನ್ನು ಇದ್ದಂತೆ ಹೇಳಿದ. ಫೋನು ಹಚ್ಚಿದ್ದು, ಹತ್ತದೇ ಇದ್ದದ್ದು, ನವನಗರದಲ್ಲಿ ನಿಂತ ಗಾಡಿ, ಎಲ್ಲ. ಡಾಕ್ಟರ್ ಕೇಳಿಲ್ರಿ, ನಾನs ತಗೋರಿ ಅಂದೆ, ಎಂದು ಕೊನೆಗೆ ಸೇರಿಸಿದ.

“ನಂದೂ ತಪ್ಪ ಐತ್ರಿ ಇದ್ರಾಗ,” ಎಂದರು ಇನ್‌ಸ್ಪೆಕ್ಟರು. ದನಿ ಸಿಟ್ಟಿನದೋ ಸುಸ್ತಿನದೋ ತಿಳಿಯಲಿಲ್ಲ. “ನವನಗರದ ಬ್ಯಾರಿಕೇಡ್ ನಾನs ಹಾಕ್ಸಿದ್ದು. ಗಾಡಿ ನಿಂತದ್ದು ನನಗ ಯಾರೂ ಹೇಳಲಿಲ್ಲ. ನಾಳೆ ಮುಂಜಾನೆ ಬಂದು ಎಲ್ಲಾ ಬರದು ಕೊಡ್ರಿ. ಮ್ಯಾಲೆ ಕಳಸಬೇಕಾಗ್ತೈತಿ. ಏನ್ ಅಂತಾರೋ ನಾ ಹೇಳಾಕ ಬರೂದಿಲ್ಲ.”

“ಬರ್ತೇನ್ರಿ ಸರ್.”

“ಆ ಹೆಣ್ಮಗಳು?”

“ಉಳದಾಳ್ರಿ.”

“ಏನ್ ಹಡದಾಳ?”

ಫಕೀರಪ್ಪ ತಬ್ಬಿಬ್ಬಾದ. ಅಷ್ಟೊತ್ತಿನಿಂದ ಆ ಮಾತು ಅವನಿಗೂ ಹೊಳೆದಿರಲಿಲ್ಲ, ಕಲ್ಲೇಶನಿಗೂ ಹೊಳೆದಿರಲಿಲ್ಲ. “ಕೇಳಿಲ್ರಿ ಸರ್.”

“ಏನ್ರೀ ನೀವು! ಕೇಳಿ ಬರ್ರಿ. ಲೈನಿನ್ಯಾಗ ಇರ್ತೇನಿ.”

ಫೋನು ಅಂಗೈಯಲ್ಲಿ ಹಿಡಿದುಕೊಂಡು ಫಕೀರಪ್ಪ ಮೆಟ್ಟಿಲಿಳಿದ. ಹಿಂದೆ ಕಲ್ಲೇಶ. ಬೆಂಚಿನ ಮೇಲೆ ರೇಣವ್ವನ ತೊಡೆಯಲ್ಲಿ ಬುತ್ತಿಯ ಗಂಟು ಇರಲಿಲ್ಲ. ಹಳೆಯ ಸೀರೆಯ ಮೆತ್ತನೆಯ ಅರಿವೆಯಲ್ಲಿ ಸುತ್ತಿದ ಕೂಸು ಇತ್ತು. ಕೆಂಪಗೆ, ಹುಬ್ಬು ಗಂಟಿಕ್ಕಿಕೊಂಡು, ಯಾರ ಮೇಲೋ ಸಿಟ್ಟಾದಂತೆ ಮಲಗಿತ್ತು.

“ಹೆಣ್ಣ ಐತಿ,” ಎಂದಳು ರೇಣವ್ವ, ಕೇಳುವ ಮೊದಲೇ. “ಬರ್ರಿ, ಇಬ್ರೂ ನೋಡ್ರಿ.”

ಕಲ್ಲೇಶ ಬಗ್ಗಿ ನೋಡಿದ. ಒಂದು ಬೆರಳಿನಿಂದ ಅರಿವೆಯ ಅಂಚು ಸರಿಸಿದ.

“ಹೆಣ್ಣು ಕೂಸ್ರಿ ಸರ್,” ಎಂದ ಫಕೀರಪ್ಪ ಫೋನಿನಲ್ಲಿ.

“ಛಲೋ ಆತು,” ಎಂದರು ಬಸವಪ್ರಭು. “ಇದನ್ನೂ ಬರೀರಿ. ನಾಳೆ ಹತ್ತಕ್ಕ.”