ಮೂರನೆಯ ಫ್ರಿಜ್

"ಗ್ವಾಡಿಗೆ ತಾಗಿಸಿದಿ ಅಂದ್ರ ಬೆನ್ನಿನ ತೊಗಲು ಸುಲಿತೇನಿ ನೋಡ್, ಸೂಳೆಮಗನ. ಹೊಸಾ ಮಾಲದು."

ಶಾಂತಪ್ಪಗೌಡರು ಸೋಫಾದಿಂದ ಏಳಲಿಲ್ಲ. ಫ್ರಿಜ್ ನನ್ನ ಬೆನ್ನ ಮೇಲಿತ್ತು, ಅದರ ಹಗ್ಗ ನನ್ನ ಹಣೆಯ ಮೇಲೆ. ಟೆಂಪೋದಿಂದ ಹೊರಿಸಿದ ಡ್ರೈವರ್ ಸುಲ್ತಾನಸಾಬ ಗೇಟಿನಾಚೆಯೇ ಉಳಿದ. ಬೆಳಿಗ್ಗೆ ಸುರಪುರದ ಅಂಗಡಿಯಲ್ಲಿ ಸಾವ್ಕಾರ ನನ್ನ ಅಂಗಿಗೆ 'ವಿಶ್ವರಾಧ್ಯ' ಎಂದು ಬರೆದ ಬಿಲ್ಲೆ ಚುಚ್ಚಿದ್ದ. "ದೇವಾಪುರ ಗೌಡರ ಅಡಗಿಮನಿಗೆ ಹೊಂಟಿ. ನಿಮ್ಮ ಕೇರಿ ಹೆಸರು ಬಾಯಾಗ ಬಂತಂದ್ರ ಅವರೂ ಬಿಡಂಗಿಲ್ಲ, ನಾನೂ ಬಿಡಂಗಿಲ್ಲ."

ಜೋಳದ ಚೀಲಗಳಿರುತ್ತಿದ್ದ ಕೋಣೆಯನ್ನು ದಾಟಿದೆ. ಕೆಟ್ಟ ವಾಷಿಂಗ್ ಮಷೀನ್, ಸೀರೆ ಒಣಹಾಕಿದ ಟ್ರೆಡ್‌ಮಿಲ್, ಎರಡು ಹಳೆಯ ಫ್ರಿಜ್, ಒಂದರೊಳಗೆ ಚಪ್ಪಲಿಗಳು. ಕಿಟಕಿಯಾಚೆ, ಎತ್ತುಗಳಿಲ್ಲದ ಕೊಟ್ಟಿಗೆಯ ಮುಂದೆ, ನನ್ನ ಚಿಗವ್ವ ದುರಗಮ್ಮ ರಟ್ಟಿನ ಪೆಟ್ಟಿಗೆ ಹರಿಯುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ನಿಂತಿತು. ಕರೆಯಬೇಡ ಅವ್ವಾ, ಎಂದುಕೊಂಡೆ. ಅವಳು ತಲೆ ತಗ್ಗಿಸಿದಳು.

ಅಡುಗೆಮನೆಯಲ್ಲಿ ದೇವರ ಗೂಡಿನ ಪಕ್ಕ ಫ್ರಿಜ್ ಇಳಿಸಿ, ಹೊದಿಕೆ ಬಿಚ್ಚಿ ಪ್ಲಗ್ ಹಾಕಿದೆ.

"ಕೊಡದಾಗಿನ ನೀರ ಹಾಕಿ ಐಸ್ ಇಡೋ ತಮ್ಮಾ," ಎಂದರು ಗೌಡರ ಹೆಂಡತಿ ದಾನೇಶ್ವರಿ.

ನಮ್ಮ ಕೇರಿಯವರು ಮುಟ್ಟಬಾರದ ಆ ಕೊಡಕ್ಕೆ ನಾನು ಕೈ ಹಾಕಿದೆ. ತಂಬಿಗೆಯಿಂದ ನೀರು ಮೊಗೆದು ಐಸಿನ ತಟ್ಟೆಗೆ ಸುರಿದು ಒಳಗಿಟ್ಟೆ.

ಗೌಡರು ಬಾಗಿಲಿಗೆ ಬಂದು ನಿಂತರು. "ದೇಶ ದೊಡ್ಡದಾಗಾಕತ್ತದ ಅಂತ ಟೀವ್ಯಾಗ ಅಂತಾರ. ಯಾರಿಂದ ಹೇಳು? ನಾವು ಕೊಳ್ಳೋದರಿಂದ. ಕಾಲುವಿ ಹೊಲ ಮಾರಿದೆ, ಕಾರು ಬಂತು, ಇದು ಬಂತು. ನಿನಗೂ ಕೂಲಿ ಹುಟ್ಟಿತು."

"ಹೊಲ ಹ್ವಾದಮ್ಯಾಗ ನಮಗೆಲ್ಲಿ ಕೂಲಿರಿ ಎಪ್ಪಾ," ಹೊರಗಿನಿಂದ ಚಿಗವ್ವ ಗೊಣಗಿದಳು.

"ರಟ್ಟು ಹರಿ, ಮುಚ್ಕೊಂಡು."

ಬೇಗ ಹೊರಬೀಳಬೇಕೆಂದು ನನ್ನ ಫೋನಿನಲ್ಲಿ 'ಸರಕು ತಲುಪಿದೆ' ಎಂಬುದನ್ನು ಒತ್ತಿದೆ. ಗೌಡರ ಮೊಬೈಲಿಗೆ ಮೆಸೇಜು ಬಂತು. ಅವರು ಗಟ್ಟಿಯಾಗಿ ಓದಿದರು: "ಸರಕು ತಂದವರು, ಚಂದ್ರಾಮಪ್ಪ." ಸಾವ್ಕಾರ ಬಿಲ್ಲೆಯನ್ನಷ್ಟೇ ಬದಲಿಸಿದ್ದ, ಫೋನಿನಲ್ಲಿ ನನ್ನ ನಿಜವಾದ ಹೆಸರೇ ಉಳಿದಿತ್ತು.

ಗೌಡರು ಬಿಲ್ಲೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯತ್ತ ತಿರುಗಿದರು.

"ದುರುಗಿ, ನಿಮ್ಮಕ್ಕನ ಮಗ ಚಂದ್ರಾಮ ಸುರಪುರದಾಗ ಹಮಾಲಿ ಮಾಡ್ತಾನ ಅಂದಿದ್ಯಲ್ಲ?"

"ಇಂವ ಅಲ್ರಿ ಎಪ್ಪಾ. ನಾ ಇವನ್ನ ಕಂಡೇ ಇಲ್ರಿ."

"ಸುಳ್ಳು ಬೊಗಳ್ತಿಯೇನ ಬೋಸುಡಿ." ಗೌಡರು ಮೂಲೆಯ ಬಡಿಗೆ ಎತ್ತಿಕೊಂಡು ಅಂಗಳದತ್ತ ಹೆಜ್ಜೆ ಹಾಕಿದರು.

ನಾನು ಕೂಗಿದೆ. "ನಾನೇರಿ. ಆಕಿ ನಮ್ಮ ಚಿಗವ್ವ."

ದಾನೇಶ್ವರಿ ಕೊಡವನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. "ಒಯ್ಯಿ ಈ ಫ್ರಿಜ್ಜ. ಈಗ ಒಯ್ಯಿ."

"ಬಿಚ್ಚಿದ ಮಾಲು ವಾಪಸ್ ತಗೊಳಂಗಿಲ್ರಿ," ಎಂದೆ.

"ತೊಳದ್ರ?"

"ಒಳಗ ನೀರು ಹೊಕ್ಕರ ಕೆಡ್ತದರಿ."

ಮುಂಬಾಗಿಲ ಅಗಳಿ ಬಿದ್ದ ಸದ್ದಾಯಿತು. ಗೌಡರು ಬಡಿಗೆ ಹಿಡಿದು ಒಳಗೆ ಬಂದರು. ಓಡಲು ದಾರಿಯಿರಲಿಲ್ಲ. ಹಿಂದೆ ಸರಿದು ಫ್ರಿಜ್ಜಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅದನ್ನು ಹಿಡಿದುಕೊಂಡೆ.

"ಹೊಡೀರಿ."

ಬಡಿಗೆ ಮೇಲೆದ್ದಿತು.

"ರೀ, ಫ್ರಿಜ್ಜು..." ಎಂದರು ದಾನೇಶ್ವರಿ.

ಬಡಿಗೆ ಅಲ್ಲೇ ನಿಂತಿತು. ಬೆನ್ನಿಗೆ ಸಣ್ಣ ನಡುಕ ತಾಗುತ್ತಿತ್ತು, ನನ್ನದೋ ಯಂತ್ರದ್ದೋ ತಿಳಿಯಲಿಲ್ಲ. ಒಳಗೆ ನಾನು ಸುರಿದ ನೀರು ಗಟ್ಟಿಯಾಗುತ್ತಿತ್ತು.