ಬಲಬದಿಯ ಸೀಟು

ಟೂತ್‌ಪೇಸ್ಟಿನ ವಾಸನೆ, ಇನ್ನೂ ಹೋಗಿಲ್ಲ, ಟ್ಯೂಬಿನ ಮುಚ್ಚಳ ಕಾರೊಳಗೆ ಎಲ್ಲಿ ಉರುಳಿತೋ, ಕಿಟಕಿ ಇಳಿಸಿದರೆ ದುಬೈಯ ಅಲ್ ಕೂಸ್ ಗೋಡೌನುಗಳ ಧೂಳು, ಇಳಿಸದಿದ್ದರೆ ಯಾರದೋ ಹಲ್ಲುಜ್ಜಿದ ಬಾಯೊಳಗೆ ಕೂತ ಹಾಗೆ — ಬಂಪರಿನ ಗೀರಿಗೆ ಬಿಳಿ ಪೇಸ್ಟ್ ಉಜ್ಜು ಗರ್ಟ್ರೂಡ್, ಒದ್ದೆ ಬಟ್ಟೆಯಲ್ಲಿ ಒರೆಸು, ಖಲಾಸ್, ಎಂದವಳು ಕಾರ್ಮಿನ್, ನನ್ನದೇ ವಾರ್ಡಿನ ನರ್ಸ್, ಲೀಸ್ ಕಾರು ವಾಪಸ್ ಕೊಟ್ಟು ಒಂದು ಪೈಸೆ ದಂಡ ಕಟ್ಟದೆ ಬಂದ ಗಟ್ಟಿಗಿತ್ತಿ, ಅವಳು ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಡ್ಯಾಶ್‌ಬೋರ್ಡಿನ ಸಂತ ಅಂತೋನಿಯ ಸ್ಟಿಕ್ಕರನ್ನು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಎಬ್ಬಿಸಿದ್ದೇನೆ, ಉಳಿದ ಅಂಟನ್ನು ತೆಂಗಿನೆಣ್ಣೆ ಹಚ್ಚಿ ತೆಗೆದಿದ್ದೇನೆ, ಸಂತರು ಕ್ಷಮಿಸಲಿ, ಈಗ ನನ್ನ ವ್ಯಾನಿಟಿ ಬ್ಯಾಗಿನಲ್ಲಿದ್ದಾರೆ, ಅರ್ಧ ಮಡಚಿಕೊಂಡು. ಸಿಗ್ನಲ್ ಕೆಂಪು. ಫೋನಿನಲ್ಲಿ ಊರಿಗೆ ಹೋದ ಗಂಡ ಲಿಯೊನೆಲ್‌ನ ವಾಯ್ಸ್ ಮೆಸೇಜು ಬೆಳಿಗ್ಗೆಯಿಂದ ಹಾಗೇ ಕೂತಿದೆ, ಒತ್ತಿದರೆ ಮಾತಾಡುತ್ತದೆ, ಒತ್ತಿಲ್ಲ. ವಾಪಸ್ ಬರುತ್ತೇನೆ ಅಂದರೆ ಇದೇ ಲೀಸ್ ಕಂಪೆನಿಯಲ್ಲಿ ಇವತ್ತೇ ಇನ್ನೊಂದು ಕಾರು, ಊದ್ ಮೇಥಾದ ಅದೇ ಫ್ಲಾಟು, ಬರುವುದಿಲ್ಲ ಅಂದರೆ ಕಾರೂ ಬೇಡ ಫ್ಲಾಟೂ ಬೇಡ, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಕಾರ್ಮಿನಳ ಪಕ್ಕದ ಮಂಚ. ಮೊದಲು ಲೀಸಿನ ಈ ಕಾರು ವಾಪಸ್ ಕೊಟ್ಟು ಮುಗಿಸುವ, ಆಮೇಲೆ ಕೇಳುವ. ಹಸಿರಾಯಿತು, ಹಿಂದಿನವ ಆಗಲೇ ಹಾರ್ನ್ ಹಾಕುತ್ತಿದ್ದಾನೆ, ಯಲ್ಲಾ ಮಾರಾಯ, ಹೋದೆ.

ಉಳಿದದ್ದು ಒಂದೇ, ಅದು ಬಲಬದಿಯ ಸೀಟಿನ ಮುಂದೆ ಕಾಲಿಡುವಲ್ಲಿ, ಇಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ನೈಫ್ ಬಜಾರಿನಲ್ಲಿ ತಂದ ಹೊಸ ಮ್ಯಾಟಿನ ಕೆಳಗೆ — ಒಂದು ತೂತು, ಕಾರಿನ ಕಾರ್ಪೆಟ್ಟು ಸವೆದು ಸವೆದು ಹರಿದು ಅಡಿಯ ಬಿಳಿ ಹತ್ತಿ ಕಾಣುವಷ್ಟು, ಹಿಮ್ಮಡಿಯ ಅಗಲ. ಡ್ರೈವರ್ ಬದಿ ಸವೆದರೆ ಕೇಳುವುದಿಲ್ಲ, ಅದು ಸಹಜ ಅಂತಾರೆ, ಆ ಬದಿಯಲ್ಲಿ ಹೇಗೆ ತೂತಾಗ್ತದೆ, ಯಾರು ಕುಣಿದದ್ದು ಅಲ್ಲಿ, ಇಡೀ ಕಾರ್ಪೆಟ್ಟಿನ ದುಡ್ಡು ಹಾಕ್ತಾರೆ, ಎಂದು ಕಾರ್ಮಿನ್ ಹೆದರಿಸಿದ ಮೇಲೆಯೇ ಮ್ಯಾಟ್ ತಂದು ಗಮ್ ಹಚ್ಚಿ ಕೂರಿಸಿದ್ದು. ಯಾರು ಕುಣಿದದ್ದು. ಲಿಯೊನೆಲ್. ಚಾರ್ಮಾಡಿ ಘಾಟಿಯಲ್ಲಿ ಮಂಜಿನಲ್ಲೂ ಜೀಪು ಇಳಿಸಿದವ, ಮದುವೆಯಾದ ಹೊಸತರಲ್ಲಿ ನಾನು ಕಣ್ಣು ಮುಚ್ಚಿ ಕೂತಿದ್ದೆ, ಅವ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಕಡ್ಲೆಯ ಪೊಟ್ಟಣ — ಅಂಥವನನ್ನು ದುಬೈಯ ಟೆಸ್ಟಿನಲ್ಲಿ ಫೇಲ್ ಮಾಡಿದರು, ಹೆಗಲು ತಿರುಗಿಸಿ ನೋಡಲಿಲ್ಲ ಅಂತ ಒಮ್ಮೆ, ನಿಧಾನ ಆಯಿತು ಅಂತ ಒಮ್ಮೆ, ಜೋರಾಯಿತು ಅಂತ ಮತ್ತೊಮ್ಮೆ, ಕೊನೆಗೆ ಅವನೇ ಫೈಲ್ ತಂದು ಅಲಮಾರಿಯ ಮೇಲೆ ಎಸೆದ, ಮತ್ತೆ ಆ ಮಾತಿಲ್ಲ. ನಾನು ಎರಡನೇ ಸಲಕ್ಕೇ ಪಾಸು. ಸ್ವೀಟ್ಸ್ ತಂದವನೂ ಅವನೇ, ಬಿಲ್ಡಿಂಗಿಗೆಲ್ಲ ಹಂಚಿದವನೂ ಅವನೇ, ನಮ್ಮ ಮನೆಯ ಡ್ರೈವರ್ ಇವಳು ಅಂತ ಇಗರ್ಜಿಯ ಅಂಗಳದಲ್ಲಿ ನಗಿಸಿದವನೂ ಅವನೇ. ಕಾರು ಬಂದ ದಿನ ಸೀದಾ ಹೋಗಿ ಬಲಬದಿಯ ಬಾಗಿಲು ತೆರೆದು ಕೂತ, ಊರಿನ ಅಭ್ಯಾಸ, ಊರಿನಲ್ಲಿ ಸ್ಟಿಯರಿಂಗ್ ಅದೇ ಬದಿ ಅಲ್ಲವಾ, ಕೂತು ಕೈ ಎತ್ತಿದ, ಹಿಡಿಯಲು ಏನೂ ಇಲ್ಲ, ಕೈ ಹಾಗೇ ತೊಡೆಯ ಮೇಲೆ ಇಳಿಯಿತು. ನಾನು ಎಷ್ಟು ನಕ್ಕೆ. ಕೈ ಕಲಿತುಕೊಂಡಿತು, ಕಾಲು ಕಲಿಯಲಿಲ್ಲ — ಮುಂದಿನ ಲಾರಿಯ ಕೆಂಪು ದೀಪ ಕಂಡರೆ ಸಾಕು, ಚಪ್ಪಲಿಯ ಹಿಮ್ಮಡಿ ಊರಿ ಒತ್ತಿದ್ದೇ ಒತ್ತಿದ್ದು, ಇಲ್ಲದ ಬ್ರೇಕು. ಲಿಯೊನೆಲ್, ನಾನು ಹಾಕಿದ್ದೇನೆ ಬ್ರೇಕ್. ಗೊತ್ತುಂಟು ಗರ್ಟಿ, ನಾನು ಸುಮ್ಮನೆ ಸಪೋರ್ಟಿಗೆ. ಮೂರು ವರ್ಷ ಸಪೋರ್ಟು, ಹತ್ತಿ ಕಾಣುವವರೆಗೆ.

ಕಂಪೆನಿಯ ಗೇಟು. ಶೆಡ್ಡಿನ ನೆರಳು ಸ್ವಲ್ಪವೇ, ಬಿಸಿಲು ಉಳಿದದ್ದೆಲ್ಲ. ಕಾರು ನೋಡಲು ಬಂದ ಹುಡುಗ ಬಾಗಿಲು ತೆರೆದವನೇ ಮೂಗು ಅರಳಿಸಿದ, ತೆಂಗಿನೆಣ್ಣೆಯಾ ಮೇಡಂ, ಊರಿನವರಾ ನೀವು. ಮಂಗಳೂರು, ಕುಲಶೇಖರ ಅಂದೆ. ನಾನು ಬಂಟ್ವಾಳ, ಜಯಪಾಲ. ಊರಿನವನು ಸಿಕ್ಕಿದ್ದು ಒಳ್ಳೆಯದೋ ಕೆಟ್ಟದ್ದೋ, ಊರಿನವರ ಎದುರು ಸುಳ್ಳು ಹೇಳುವುದು ಕಷ್ಟ. ಬಂಪರ್ ಸವರಿದ, ಚೆನ್ನಾಗಿ ಉಜ್ಜಿದ್ದೀರಿ ಅಂತ ನಕ್ಕ, ಬಿಟ್ಟ. ಮೀಟರ್ ನೋಡಿದ. ಮೇಡಂ ಎಂತ, ಲೀಸಿನ ಲೆಕ್ಕದಲ್ಲಿ ಇಷ್ಟು ಕಿಲೋಮೀಟರ್ ಬಾಕಿ ಇಟ್ಟಿದ್ದೀರಿ, ಎಲ್ಲರೂ ಜಾಸ್ತಿ ಓಡಿಸಿ ದಂಡ ಕಟ್ತಾರೆ, ನೀವು ಓಡಿಸ್ಲೇ ಇಲ್ವಾ. ಉಳಿದದ್ದು ವಾಪಸ್ ಕೊಡ್ತೀರಾ ಅಂತ ಕೇಳಿದೆ, ಮಾಫಿ ಮೇಡಂ, ಅದೆಲ್ಲ ಇಲ್ಲ, ಹೋಯ್ತು ಅಷ್ಟೇ ಅಂದ. ಹೋಯಿತು. ಜೆಬೆಲ್ ಹಫೀತ್ ಬೆಟ್ಟ ಹತ್ತುವ, ಗರ್ಟಿ, ಅಲ್ ಐನಿನಲ್ಲಿ ನಮ್ಮ ಘಾಟಿಯ ಹಾಗೇ ತಿರುವು ಉಂಟಂತೆ, ಒಂದೇ ಒಂದು ಸಲ ಅಂತ ಪ್ರತಿ ಈದ್ ರಜೆಗೂ ಅವ, ಕಿಲೋಮೀಟರ್ ಮೀರ್ತದೆ ಅಂತ ಪ್ರತಿ ಈದ್ ರಜೆಗೂ ನಾನು. ಒಂದು ಸುತ್ತು ಓಡಿಸಿ ನೋಡ್ತೇನೆ, ಬಿಸಿಲಲ್ಲಿ ನಿಲ್ಬೇಡಿ, ನೀವೂ ಕೂತ್ಕೊಳ್ಳಿ, ಅಂದ ಜಯಪಾಲ. ನಾನು ಎಡಬದಿಯ ಬಾಗಿಲಿಗೇ ಹೋದೆ, ಅವನು ಆಗಲೇ ಅಲ್ಲಿ ಕೂತಿದ್ದಾನೆ, ಸುತ್ತಿ ಈಚೆ ಬಂದೆ, ಬಲಬದಿಗೆ. ಮೂರು ವರ್ಷದಲ್ಲಿ ಇಲ್ಲಿ ಕೂತದ್ದು ಇದೇ ಮೊದಲು. ಸೀಟು ಹಿಂದಕ್ಕೆ ಎಳೆದೇ ಇದೆ, ಲಿಯೊನೆಲ್‌ನ ಕಾಲಿಗೆ ತಕ್ಕಂತೆ. ಒಳಗಿನ ಕನ್ನಡಿ ಆ ಬದಿಗೆ ತಿರುಗಿದೆ, ಇಲ್ಲಿಂದ ಹಿಂದಿನ ದಾರಿ ಕಾಣುವುದಿಲ್ಲ, ಜಯಪಾಲನ ಕಿವಿ ಕಾಣುತ್ತದೆ. ಲಿಯೊನೆಲ್‌ಗೆ ನನ್ನ ಕಿವಿ ಕಾಣುತ್ತಿತ್ತೋ ಏನೋ. ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ, ತೊಡೆಯ ಮೇಲಿಟ್ಟೆ.

ಹುಡುಗ ಜೋರು, ಖಾಲಿ ಯಾರ್ಡು ಅಂತ ಎದುರಿನ ಗೋಡೆಗೇ ಹೊರಟ ಹಾಗೆ ಬಿಟ್ಟ, ಬ್ರೇಕ್ ಎಷ್ಟು ಹಿಡಿಯುತ್ತದೆಂದು ನೋಡಬೇಕಂತೆ, ಗೋಡೆ ಬಂತು, ಬಂತು, ನಾನು ಒತ್ತಿದೆ — ಗಮ್ ಬಿಸಿಲಿಗೆ ಕರಗಿತ್ತೇನೋ, ಮ್ಯಾಟ್ ಮಡಚಿ ಮುಂದಕ್ಕೆ ಜಾರಿತು, ನನ್ನ ಹಿಮ್ಮಡಿ ತೂತಿನೊಳಗೆ. ಸರಿಯಾಗಿ ಕೂತಿತು. ಅವನ ಹಿಮ್ಮಡಿ ಮಾಡಿಟ್ಟ ಜಾಗ, ಅಂಚು ಮೆತ್ತಗಿದೆ. ಕಾರು ನಿಂತಿತು, ಬ್ರೇಕ್ ಫಸ್ಟ್ ಕ್ಲಾಸ್ ಮೇಡಂ, ಜಯಪಾಲ ಇಳಿದು ಬಾನೆಟ್ ಎತ್ತಿದ. ಇಳಿಯುವ ಹಾಗಿಲ್ಲ, ಕಾಲೆತ್ತಿದರೆ ತೂತು ಅವನಿಗೆ ಕಾಣುತ್ತದೆ. ಬಾನೆಟ್ಟಿನ ಹಿಂದೆ ಅವನು ಇರುವಷ್ಟು ಹೊತ್ತು, ಸುಮ್ಮನೆ ಕೂತು ಮಾಡುವುದಾದರೂ ಏನು, ಹೆಬ್ಬೆಟ್ಟು ತಾನಾಗಿ ಫೋನಿನ ಮೇಲೆ ಹೋಯಿತು, ಒತ್ತಿದೆ. ಮೊದಲು ಮಕ್ಕಳ ಗಲಾಟೆ, ಅಂಕಲ್ ಅಂಕಲ್, ಹಿಂದೆ ಡೀಸೆಲ್ ಇಂಜಿನ್ನು, ಹೌದು, ಲಿಯೊನೆಲ್‌ನ ಅಣ್ಣ ಕ್ಯಾಮಿಲಸ್‌ನ ಸ್ಕೂಲ್ ವ್ಯಾನು, ನೈಫ್‌ನ ಗೋಡೌನ್ ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದ ಮೇಲೆ ಸಮಯ ಕಳೆಯಲಿಕ್ಕೆ ಅಂತ ಅಣ್ಣನ ವ್ಯಾನು ಓಡಿಸುತ್ತಿದ್ದಾನೆ, ಆಮೇಲೆ ಕಿರ್ರ್ ಅಂತ ಬ್ರೇಕು, ಗಾಡಿ ನಿಂತದ್ದು, ಆಮೇಲೆ ಅವನ ದನಿ, ಇಷ್ಟು ಹಗುರ ದನಿ ಕೇಳಿ ಎಷ್ಟು ಕಾಲವಾಯಿತು. ಗರ್ಟಿ, ಬರ್ತೇನೆ. ನಿನ್ನ ವೀಸಾದಲ್ಲೇ, ನಿನ್ನ ಡಿಪೆಂಡೆಂಟ್ ಆಗಿಯೇ ಬರ್ತೇನೆ, ಅದಕ್ಕೆಂತ, ಯಾರು ಎಂತ ಹೇಳಿದ್ರೂ ಹೇಳ್ಲಿ. ಪಾಸ್‌ಪೋರ್ಟ್ ಕಾಪಿ ನಾಳೆ ಕಳಿಸ್ತೇನೆ, ವ್ಯಾನು ಶನಿವಾರ ಕ್ಯಾಮಿಲಸ್‌ಗೆ ವಾಪಸ್ ಕೊಡ್ತೇನೆ, ಒಂದು ಗೀರು ಮಾಡ್ಲಿಲ್ಲ ಮಾರಾಯ್ತಿ, ಹೊಸದರ ಹಾಗೆ ಉಂಟು. ಮತ್ತೆ ನಕ್ಕ. ಗೇರ್ ಹಾಕಿದ ಸದ್ದು, ಮುಗಿಯಿತು.

ಇದೇ ಬೇಕಿತ್ತಲ್ಲ ನನಗೆ, ಇದಕ್ಕೇ ತಾನೆ ರಾತ್ರಿ ಇಡೀ ಜಪಸರ ಹಿಡಿದು ಕೂತದ್ದು, ಬರುತ್ತಾನಂತೆ, ಕಾರ್ಮಿನಳಿಗೆ ಹೇಳಬೇಕು, ಕೌಂಟರಿಗೆ ಹೋಗಿ ಹೊಸ ಕಾರು, ಈ ಸಲ ಬಿಳಿ ಬೇಡ — ಖುಷಿಯಾಗಿದೆ, ಸುಳ್ಳೇಕೆ, ಅವನಿಲ್ಲದ ಮನೆಯಲ್ಲಿ ನನಗೆ ಊಟ ಸೇರುವುದಿಲ್ಲ, ಆದರೆ ಹಿಮ್ಮಡಿ ಇಲ್ಲಿದೆ, ಈ ಹತ್ತಿಯಲ್ಲಿ, ಅಲ್ಲಿ ಅವನ ಹಿಮ್ಮಡಿಯ ಮುಂದೆ ಬ್ರೇಕ್ ಉಂಟು, ಒತ್ತಿದರೆ ಗಾಡಿ ನಿಲ್ಲುತ್ತದೆ, ಮಕ್ಕಳು ಅಂಕಲ್ ಅನ್ನುತ್ತಾರೆ, ಶನಿವಾರ ಅದನ್ನು ಒಪ್ಪಿಸಿ ಇಲ್ಲಿಗೆ ಬರುತ್ತಾನೆ, ಹೊಸ ಕಾರಿನ ಹೊಸ ಕಾರ್ಪೆಟ್ಟಿಗೆ, ಮೊದಲಿಂದ ಶುರು, ಮತ್ತೆ ಮೂರು ವರ್ಷ ಸಪೋರ್ಟು. ಮೈಕಿನ ಗುರುತನ್ನು ಒತ್ತಿ ಹಿಡಿದಿದ್ದೇನೆ, ಲಿಯೊನೆಲ್, ಅಂದೆ, ಬಾ ಅನ್ನಬೇಕು, ಬೇಡ ಅನ್ನಬೇಕು, ಫೋನು ನನ್ನ ಉಸಿರನ್ನಷ್ಟೇ ತುಂಬಿಕೊಳ್ಳುತ್ತಿದೆ. ಬಾನೆಟ್ ಮುಚ್ಚಿದ ಸದ್ದು. ಜಯಪಾಲ ಈ ಬದಿಯ ಬಾಗಿಲು ತೆರೆದು ನಿಂತಿದ್ದಾನೆ, ಇಳಿಯಿರಿ ಮೇಡಂ, ಅಡಿ ಒಂದು ನೋಡಿದರೆ ಮುಗೀತು, ಎಂತ ಮೇಡಂ, ಕಾಲು ಸಿಕ್ಕಿತಾ. ಇಲ್ಲ, ಒಂದು ನಿಮಿಷ, ಹಿಮ್ಮಡಿ ಊರಿ ಒತ್ತುತ್ತೇನೆ, ಇನ್ನೂ ಒತ್ತುತ್ತೇನೆ, ಅಡಿಯಲ್ಲಿ ಹತ್ತಿ, ಹತ್ತಿಯ ಅಡಿಯಲ್ಲಿ ತಗಡು, ಬ್ರೇಕ್ ಇಲ್ಲ